ಹಿನ್ನೀರು ಹೊಕ್ಕ ಪರದೇಶಿ ಚಿಪ್ಪು: ಗುರುತು ಹಿಡಿಯುವುದೇ ಮೊದಲ ರಕ್ಷಣೆ

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರದ ಬಳಚು ಮೀನುಗಾರಿಕೆಗೆ ಒಂದು ಹೆಗ್ಗಳಿಕೆಯಿದೆ. ಸುಸ್ಥಿರ ಮೀನುಗಾರಿಕೆಗಾಗಿ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರವನ್ನು ಭಾರತದಲ್ಲಿ ಮೊದಲು ಪಡೆದದ್ದು ಅದೇ. ಅದು 2014ರ ಮಾತು. ವಿಪರ್ಯಾಸವೆಂದರೆ, ಕೆಲವೇ ವರ್ಷಗಳಲ್ಲಿ ಅದೇ ಸರೋವರದಲ್ಲಿ ಬೇರೊಂದು ಚಿಪ್ಪು ನೆಲೆಯೂರಿತು. ಕೆಲವೆಡೆ ಅದರ ಸಾಂದ್ರತೆ ಚದರ ಮೀಟರಿಗೆ ಹನ್ನೊಂದು ಸಾವಿರವನ್ನೂ ಮೀರಿದ್ದನ್ನು ವಿಜ್ಞಾನಿಗಳು ದಾಖಲಿಸಿದರು. ಅಲ್ಲಿನ ಮೀನುಗಾರರು ಅದಕ್ಕಿಟ್ಟ ಹೆಸರು 'ವರತ್ತನ್ ಕಕ್ಕ', ಅಂದರೆ ಹೊರಗಿನಿಂದ ಬಂದ ಚಿಪ್ಪು.

ಇದು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕರಾವಳಿ ಮೂಲದ ಚಾರು ಕಪ್ಪೆಚಿಪ್ಪು. ವೈಜ್ಞಾನಿಕ ಹೆಸರು ಮೈಟೆಲ್ಲಾ ಸ್ಟ್ರಿಗಾಟಾ. 1986ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ವಿದ್ಯುತ್ ಸ್ಥಾವರವೊಂದರ ನೀರಿನ ಕೊಳವೆಗಳನ್ನು ಕಟ್ಟಿಹಾಕಿ ಸುದ್ದಿಯಾಗಿತ್ತು. ಬಳಿಕ ಫಿಲಿಪ್ಪೀನ್ಸ್, ಸಿಂಗಪುರಗಳಲ್ಲಿ ಕಾಣಿಸಿಕೊಂಡು, 2019ರಲ್ಲಿ ಕೊಚ್ಚಿ ಹಿನ್ನೀರಿನಿಂದ ವರದಿಯಾಯಿತು. ತಮಿಳುನಾಡಿನ ಎಣ್ಣೂರು, ಪುಲಿಕಾಟ್‌ಗಳೂ ಇದರ ಹಾವಳಿಗೆ ತುತ್ತಾಗಿವೆ. ಹಡಗಿನ ತಳಕ್ಕೆ ಅಂಟಿಕೊಂಡು, ಇಲ್ಲವೇ ಹಡಗಿನ ಸಮತೋಲನಕ್ಕಾಗಿ ತುಂಬಿಕೊಳ್ಳುವ ನೀರಿನಲ್ಲಿ ಮರಿಗಳ ರೂಪದಲ್ಲಿ ಇವು ಸಾಗರ ದಾಟುತ್ತವೆ.

ಗುರುತಿಸುವುದು ಹೇಗೆ?

ಸಮಸ್ಯೆ ಆರಂಭವಾಗುವುದೇ ಇಲ್ಲಿ. ಕಪ್ಪು, ಕಂದು, ಹಸಿರು, ಹಳದಿ ಹೀಗೆ ಚಾರುವಿನ ಬಣ್ಣ ಹಲವು. ಆದ್ದರಿಂದ ಎಳೆಯ ಪಚ್ಚಿಲೆಯೆಂದೇ ಭ್ರಮಿಸುವುದು ಸುಲಭ. ಪಚ್ಚಿಲೆ ಬೆರಳುದ್ದಕ್ಕೂ ಮೀರಿ ಬೆಳೆಯುತ್ತದೆ, ಅದರ ಒಳಮೈ ಬೆಳ್ಳಗಿರುತ್ತದೆ. ಚಾರು ಸಾಮಾನ್ಯವಾಗಿ ಐದು ಸೆಂಟಿಮೀಟರಿನೊಳಗೆ ನಿಲ್ಲುತ್ತದೆ; ಚಿಪ್ಪು ತೆಳು, ಒಳಮೈಯಲ್ಲಿ ನೇರಳೆ ಹೊಳಪು. 1967ರಲ್ಲಿ ವಿಶಾಖಪಟ್ಟಣದಲ್ಲಿ ಪತ್ತೆಯಾಗಿದ್ದ ಮೈಟಿಲಾಪ್ಸಿಸ್ ಸಾಲೇಯಿ ಎಂಬ ಇನ್ನೊಂದು ಪರದೇಶಿ ಚಿಪ್ಪಿನ ಚೂಪು ತುದಿಯ ಒಳಗೆ ಪುಟ್ಟ ಅಡ್ಡಪಟ್ಟಿಯಿರುತ್ತದೆ, ಚಾರುವಿಗೆ ಅದಿಲ್ಲ. ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆಯೇ ಗತಿ.

ಅಪಾಯವೇನು?

ಚಾರು ಗಟ್ಟಿ ನಾರುಗಳಿಂದ ಒಂದಕ್ಕೊಂದು ಹೆಣೆದುಕೊಂಡು ಕಂಬಾರದಂತೆ ತಳವನ್ನು ಮುಚ್ಚುತ್ತದೆ. ಅದರಡಿ ಸಿಕ್ಕಿದ ಬಳಚು, ಸಿಂಪಿಗಳಿಗೆ ಉಸಿರಾಟಕ್ಕೂ ಆಹಾರಕ್ಕೂ ಅಡ್ಡಿ. ಕೆಸರಿನಲ್ಲಿ ಮೇಯುವ ಸಿಗಡಿಗೆ ಜಾಗವೇ ಇಲ್ಲದಾಗುತ್ತದೆ. ಉಪ್ಪಿನಂಶದ ಏರಿಳಿತವನ್ನು ಇದು ಸಲೀಸಾಗಿ ತಾಳಿಕೊಳ್ಳುವುದರಿಂದ ಅಳಿವೆ ಪ್ರದೇಶಗಳೇ ಇದಕ್ಕೆ ಹೇಳಿಮಾಡಿಸಿದ ಮನೆ. ನಷ್ಟ ಮೊದಲು ತಟ್ಟುವುದು ನೀರಿಗಿಳಿದು ಕೈಯಿಂದ ಚಿಪ್ಪು, ಸಿಗಡಿ ಹೆಕ್ಕುವ ಬಡವರಿಗೆ.

ಒಮ್ಮೆ ಹರಡಿದ ಮೇಲೆ ನಿರ್ಮೂಲನೆ ಅಸಾಧ್ಯವೆನ್ನುವಷ್ಟು ಕಷ್ಟ. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ 1999ರಲ್ಲಿ ಮೈಟಿಲಾಪ್ಸಿಸ್ ಕಾಣಿಸಿಕೊಂಡಾಗ, ದೋಣಿಕಟ್ಟೆಗಳನ್ನು ತಕ್ಷಣ ಮುಚ್ಚಿ ಕ್ಲೋರಿನ್, ತಾಮ್ರದ ಸಲ್ಫೇಟ್ ಸುರಿದು ಪೂರ್ತಿ ನಾಶಪಡಿಸಲಾಯಿತು. ಆರು ತಿಂಗಳ ಹಿಂದಿನ ಸಮೀಕ್ಷೆಯಲ್ಲಿ ಅದು ಇಲ್ಲದ್ದು ದಾಖಲಾಗಿತ್ತು, ಕಟ್ಟೆಗಳಿಗೆ ಬಾಗಿಲುಗಳಿದ್ದವು. ಆದ್ದರಿಂದ ಗೆಲುವು ಸಾಧ್ಯವಾಯಿತು. ನಮ್ಮ ಹಿನ್ನೀರುಗಳಿಗೆ ಬಾಗಿಲಿಲ್ಲ. ವಿಷ ಸುರಿದರೆ ಬಳಚೂ ಸಾಯುತ್ತದೆ, ಬದುಕೂ ಸಾಯುತ್ತದೆ.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿಯೇ ಅನೇಕ ಕುಟುಂಬಗಳು ಬದುಕುತ್ತಿವೆ. ಮಂಗಳೂರು, ಕಾರವಾರ ಬಂದರುಗಳಿಗೆ ಹಡಗುಗಳು ಬಂದುಹೋಗುತ್ತಿರುತ್ತವೆ. ಹಡಗಿನ ಸಮತೋಲನ ನೀರಿನ ನಿರ್ವಹಣೆಗೆ 2017ರಿಂದ ಅಂತರರಾಷ್ಟ್ರೀಯ ಒಪ್ಪಂದ ಜಾರಿಯಲ್ಲಿದೆಯಾದರೂ, ಹಡಗಿನ ತಳಕ್ಕೆ ಅಂಟಿ ಬರುವ ಜೀವಿಗಳನ್ನು ಅದು ತಡೆಯದು.

ಹೊಸ ಚಿಪ್ಪನ್ನು ಮೊದಲು ಕಾಣುವುದು ಪ್ರಯೋಗಾಲಯವಲ್ಲ, ನೀರಿಗಿಳಿಯುವ ಕೈ. ಆ ಕೈಗೆ ಚಾರುವಿನ ಚಿತ್ರವುಳ್ಳ ಒಂದು ಕರಪತ್ರ, ಮಾಹಿತಿ ಮುಟ್ಟಿಸಲು ಒಂದು ದೂರವಾಣಿ ಸಂಖ್ಯೆ ನೀಡುವುದು ಮೀನುಗಾರಿಕೆ ಇಲಾಖೆಗೆ ದೊಡ್ಡ ವೆಚ್ಚದ ಕೆಲಸವೇನಲ್ಲ. ಅಳಿವೆ ತುಂಬಿದ ಮೇಲೆ ಎಷ್ಟು ವೆಚ್ಚ ಮಾಡಿದರೂ ಆ ಅವಕಾಶ ಮರಳದು.