ಹಳಿ ನಮ್ಮ ಗದ್ದೆಯಲ್ಲಿ, ರೈಲು ಮಾತ್ರ...

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕದೆ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಬನಶಂಕರಿಯಿಂದ ಬಿಟಿಎಂಗೆ ಹೋಗಿ ಬರುವುದರಲ್ಲೇ ದಿನ ಮುಗಿದುಹೋಗುತ್ತಿತ್ತು. ಮೊನ್ನೆ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದಾಗ ಜೆಪಿ ನಗರದ ಗೆಳೆಯನೊಬ್ಬ ಅಂದ: "ನಿಮಗೇನಪ್ಪಾ, ಕೊಂಕಣ ರೈಲ್ವೆ ಇದೆ, ವಂದೇ ಭಾರತ್ ಕೂಡ ಬಂತು. ಊರಿಗೆ ಹೋಗೋದು ಎಷ್ಟು ಸುಲಭ!" ಅವನು ಮಂಡ್ಯದವನು, ಅವನ ತಪ್ಪಲ್ಲ. ಪೇಪರ್ ಓದಿದವರಿಗೆ ಹಾಗೇ ಅನ್ನಿಸುತ್ತೆ. ಅಲ್ಲೇ ನಿಂತು ಅವನಿಗೆ ವಿವರಿಸೋಕೆ ಹೋಗಿ ಕಾಫಿ ಆರಿಹೋಯ್ತು. ಹೇಳಿ ಮುಗಿಯದೇ ಉಳಿದದ್ದನ್ನ ಇಲ್ಲಿ ಬರೀತಿದ್ದೇನೆ.

ನಮ್ಮ ಮನೆ ಕುಂದಾಪುರಕ್ಕೂ ಬೈಂದೂರಿಗೂ ನಡುವೆ. ಹಳಿ ನಮ್ಮ ಗದ್ದೆಯನ್ನು ಎರಡು ಪಾಲು ಮಾಡಿಕೊಂಡು ಹೋಗಿದೆ. ಮನೆ ಇರುವ ಕಡೆ ಒಂದು ಪಾಲು, ತೋಡಿನ ಕಡೆ ಇನ್ನೊಂದು. 2023ರ ಡಿಸೆಂಬರ್ 30ಕ್ಕೆ ಶುರುವಾದ ವಂದೇ ಭಾರತ್ ಓಡುವುದು ಮಂಗಳೂರಿಗೂ ಮಡಗಾಂವ್‌ಗೂ ನಡುವೆ. ಅದು ಬೆಂಗಳೂರಿನ ಮುಖ ನೋಡುವುದಿಲ್ಲ. ಶುರುವಾದಾಗ ನಡುವೆ ಅದಕ್ಕೆ ಕೊಟ್ಟದ್ದು ಉಡುಪಿ, ಕಾರವಾರ ಎರಡೇ ನಿಲುಗಡೆ. ಬಿಳಿ ಬಣ್ಣದ್ದೊಂದು ಸರ್ರನೆ ನಮ್ಮ ಗದ್ದೆ ದಾಟಿ ಹೋಗುತ್ತೆ, ಅಮ್ಮ ಅಂಗಳದಿಂದ ನೋಡುತ್ತಾಳೆ. ಚಂದ ಇದೆಯಂತೆ :-)

ಈ ಕರಾವಳಿಯ ರೈಲಿನ ಕಥೆ ನೋಡಿದರೆ, ಕಾಯುವುದು ನಮಗೆ ಹೊಸದಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಕೇರಳದ ಕಡೆಯಿಂದ. ಆಗ ನಾವು ಮದ್ರಾಸ್ ಪ್ರಾಂತ್ಯ, ರೈಲಿನ ಮುಖವೂ ಮದ್ರಾಸಿನ ಕಡೆಗೇ. ಅಲ್ಲಿಂದ ಉತ್ತರಕ್ಕೆ ಉಡುಪಿ ತಲುಪಲು ಅದಕ್ಕೆ 86 ವರ್ಷ ಬೇಕಾಯಿತು! ಮಂಗಳೂರು-ಹಾಸನ ಮೀಟರ್‌ಗೇಜ್ ಮುಗಿದದ್ದು 1979ರಲ್ಲಿ. 1996ರಲ್ಲಿ ಗೇಜ್ ಬದಲಿಸಲು ಅಂತ ಅದನ್ನೂ ಮುಚ್ಚಿದರು, ಮತ್ತೆ ಪ್ರಯಾಣಿಕರ ರೈಲು ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಬೆಂಗಳೂರಿಗೂ ಕರಾವಳಿಗೂ ನಡುವೆ ಘಾಟಿಯಲ್ಲಿ ರೈಲೇ ಇರಲಿಲ್ಲ. ಆ ಹನ್ನೊಂದು ವರ್ಷದಲ್ಲಿ ರಾತ್ರಿ ಬಸ್ಸಿನವರು ಬೆಳೆದ ಪರಿ ನಿಮಗೇ ಗೊತ್ತು.

1990ರಲ್ಲಿ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿ. ಮಂಗಳೂರಿನವರು. ಸರ್ಕಾರದ ಬಳಿ ದುಡ್ಡಿಲ್ಲ ಅಂದಾಗ ಬೇರೆಯೇ ಒಂದು ಕಂಪನಿ ಮಾಡಿ, ಸಾಲ ಎತ್ತಿ ಕಟ್ಟೋಣ ಅಂದರು. ಕೇಂದ್ರದ್ದು ಶೇ. 51 ಪಾಲು, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಕಟ್ಟುವ ಜವಾಬ್ದಾರಿ ಇ. ಶ್ರೀಧರನ್ ಅವರದ್ದು. ರೋಹಾದಿಂದ ನಮ್ಮ ತೋಕೂರಿನವರೆಗೆ ಸುಮಾರು 740 ಕಿ.ಮೀ., 91 ಸುರಂಗ, ದೊಡ್ಡದು ಸಣ್ಣದು ಸೇರಿ ಎರಡು ಸಾವಿರದಷ್ಟು ಸೇತುವೆ. ಹೊನ್ನಾವರದಲ್ಲಿ ಶರಾವತಿಯ ಮೇಲಿನದ್ದೇ ಎರಡು ಕಿ.ಮೀ. ದಾಟುತ್ತದೆ. ಗೋವಾದಲ್ಲಿ ಹಳಿ ಎಲ್ಲಿ ಹೋಗಬೇಕು ಅಂತ ದೊಡ್ಡ ಜಗಳ, ಪೆಡ್ನೆಯ ಸುರಂಗದಲ್ಲಿ ಕುಸಿಯುವ ಮೆದು ಮಣ್ಣು. ಇಷ್ಟೆಲ್ಲಾ ಆಗಿಯೂ 1998ಕ್ಕೆ ಮುಗಿಸಿದರು. ಅದನ್ನು ಸಣ್ಣ ಕೆಲಸ ಅಂತ ನಾನು ಎಂದೂ ಹೇಳೋದಿಲ್ಲ.

ಅಪ್ಪಯ್ಯ ಗದ್ದೆ ಬಿಟ್ಟುಕೊಟ್ಟದ್ದೂ ಅದೇ ಅಭಿಮಾನದಲ್ಲಿ. 1993ರ ಮಾರ್ಚ್ 20ರಂದು ಮಂಗಳೂರು-ಉಡುಪಿ ರೈಲು ಶುರುವಾಯ್ತಲ್ಲ, ಅದಾಗಿ ಒಂದು ವಾರಕ್ಕೆ ಅವರು ಬಸ್ಸಿನಲ್ಲಿ ಉಡುಪಿಗೆ ಹೋಗಿ, ರೈಲಿನಲ್ಲಿ ಮಂಗಳೂರಿಗೆ ಹೋಗಿ, ಬಸ್ಸಿನಲ್ಲೇ ಮನೆಗೆ ವಾಪಸ್ಸು ಬಂದರು. ಕೆಲಸ ಏನೂ ಇರಲಿಲ್ಲ. ಆಮೇಲೆ ನಮ್ಮ ಗದ್ದೆಯಲ್ಲೇ ರೈಲು ಓಡತೊಡಗಿದ ಮೇಲೆ ಗೋಡೆ ಗಡಿಯಾರಕ್ಕೆ ಸೆಲ್ ಹಾಕೋದನ್ನೇ ಬಿಟ್ಟರು. "ಮುಂಬಯಿ ರೈಲ್ ಹೋಯ್ತ್ ಕಾಣ್, ದೀಪ ಹಚ್ಚಿ" ಅಂತಿದ್ದರು. ಬದುಕಿರುವ ತನಕ ಆ ರೈಲನ್ನು ಅವರು ಗಡಿಯಾರವಾಗಿ ಬಳಸಿದ್ದೇ ಹೆಚ್ಚು, ಹತ್ತಿದ್ದು ಕಡಿಮೆ.

ಯಾಕೆಂದರೆ ಈ ದಾರಿಯನ್ನು ಹಾಕಿದ್ದು ದೂರ ಹೋಗುವವರಿಗಾಗಿ. ಗಂಟೆಗೆ 160 ಕಿ.ಮೀ. ವೇಗ ತಡೆಯುವಂತೆ ಲೆಕ್ಕ ಹಾಕಿದ ಹಳಿ, ಬೇಕಾದಲ್ಲಿ ತಿರುಗಿಸಲು ಬರುವುದಿಲ್ಲ. ಪೇಟೆಗಳು ಕಡಲ ಬದಿಯಲ್ಲಿ ಉಳಿದವು, ಹಳಿ ಒಳಗಡೆ ಹೋಯ್ತು. ಕುಂದಾಪುರದ ಸ್ಟೇಷನ್ ಇರುವುದು ಮೂಡ್ಲಕಟ್ಟೆಯಲ್ಲಿ, ಉಡುಪಿಯದ್ದು ಇಂದ್ರಾಳಿಯಲ್ಲಿ, ಕಾರವಾರದ್ದು ಶಿರವಾಡದಲ್ಲಿ. ಬೆಳಗಿನ ಜಾವ ಇಳಿದರೆ ಆಟೋದವನು ಹೇಳಿದ್ದೇ ರೇಟು. ಸೇನಾಪುರ, ಬಿಜೂರು, ಬಾರ್ಕೂರಿನಂಥ ಸಣ್ಣ ಸ್ಟೇಷನ್ನುಗಳ ಪ್ಲಾಟ್‌ಫಾರಂ ಹೆಚ್ಚು ಹೊತ್ತು ಖಾಲಿಯೇ.

ಇನ್ನೊಂದು ವಿಷಯ, ಗೆಳೆಯನಿಗೆ ನಂಬೋಕೇ ಆಗಲಿಲ್ಲ. ಕಟ್ಟಿದ ಖರ್ಚು ವಾಪಸ್ಸು ಬರಲಿ ಅಂತ ಈ ದಾರಿಯಲ್ಲಿ ಟಿಕೆಟ್ಟಿಗೆ ದೂರವನ್ನೇ ಹೆಚ್ಚು ಹಿಡಿಯುವ ಪದ್ಧತಿ ತಂದರು. ಪ್ರಯಾಣಿಕರಿಗೆ ಶೇ. 40, ಸರಕಿಗೆ ಶೇ. 50. ಅಂದರೆ ನೂರು ಕಿಲೋಮೀಟರ್ ಹೋದರೆ ನೂರನಲವತ್ತರ ದುಡ್ಡು. ಮುಂಬಯಿಯಿಂದ ಕೇರಳಕ್ಕೆ ಹೋಗುವವನಿಗೆ ಇದು ಚಿಂತೆ ಇಲ್ಲ, ಹಳೇ ಸುತ್ತು ದಾರಿಗಿಂತ ಅವನಿಗೆ ಲಾಭವೇ. ಕುಮಟಾದಿಂದ ಉಡುಪಿಯ ಆಸ್ಪತ್ರೆಗೆ ಹೋಗುವವನಿಗೆ ಯಾವ ಸುತ್ತು ಉಳಿಯಿತು?

ಬೆಂಗಳೂರಿನ ಕಡೆಯ ಕಥೆ ಸ್ವಲ್ಪ ಸುಧಾರಿಸಿದೆ, ಅದನ್ನೂ ಹೇಳಬೇಕು. ಮೊದಲೆಲ್ಲ ಕಾರವಾರದ ರಾತ್ರಿ ರೈಲು ಮಂಗಳೂರು ಸೆಂಟ್ರಲ್ಲಿನ ಒಳಗೆ ಹೋಗಿ, ಇಂಜಿನ್ ತಿರುಗಿಸಿಕೊಂಡು, ನಮ್ಮ ನಿದ್ದೆ ಮುಗಿದ ಮೇಲೆ ಹೊರಡುತ್ತಿತ್ತು. ಮಂಗಳೂರಿನ ಸುತ್ತಮುತ್ತ ಮೂರು ಯಜಮಾನರು: ಸೆಂಟ್ರಲ್ ಸ್ಟೇಷನ್ ಪಾಲಕ್ಕಾಡಿನ ಕೆಳಗೆ, ಘಾಟಿಯ ದಾರಿ ಮೈಸೂರಿನ ಕೆಳಗೆ, ತೋಕೂರಿನಿಂದ ಆಚೆ ಕೊಂಕಣ. ಮೂವರ ನಡುವೆ ನಮ್ಮ ಕೋಚು. 2020ರ ಮಾರ್ಚಿನಲ್ಲಿ ಆಗಿನ ರಾಜ್ಯ ಮಂತ್ರಿ ಸುರೇಶ್ ಅಂಗಡಿ ಯಶವಂತಪುರದಿಂದ ಹೊಸ ರೈಲು ಬಿಟ್ಟರು. ಪಡೀಲಿನಲ್ಲೇ ತಿರುಗಿ ಸುರತ್ಕಲ್ಲಿನ ಕಡೆ ಹೋಗುತ್ತದೆ. ಈಗಿನ ಪಂಚಗಂಗಾ ಅದೇ. ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್, ಅಲ್ಲಿಂದ ರೈಲು. ಟಿಕೆಟ್ ಸಿಕ್ಕಿದರೆ ಸ್ವರ್ಗ. ಶುಕ್ರವಾರ ಸಿಗೋದಿಲ್ಲ, ಮತ್ತೆ ಸ್ಲೀಪರ್ ಬಸ್ಸೇ ಗತಿ. ದೀಪಾವಳಿಗೆ ಒಂದು ಬಸ್ಸಿನವರು ನನ್ನಿಂದ ಮಾಮೂಲಿನ ಮೂರು ಪಟ್ಟು ತೆಗೆದುಕೊಂಡರು. ಕೊಟ್ಟೆ, ಏನು ಮಾಡೋದು?

"ಎಲ್ಲಾ ಊರಲ್ಲೂ ನಿಲ್ಲಿಸಿದರೆ ರೈಲು ಯಾವಾಗ ತಲುಪುತ್ತೆ?" ಅಂದ ಗೆಳೆಯ. ಮಾತು ಸರಿ. ಅದು ಒಂಟಿ ಹಳಿ. ಎದುರಿನ ರೈಲು ಬರುವ ತನಕ ಇದು ಕಾಯಬೇಕು, ಒಂದು ತಡವಾದರೆ ಸಾಲಾಗಿ ಎಲ್ಲವೂ ತಡ. ನಾನು ಕೇಳುತ್ತಿರುವುದು ರಾಜಧಾನಿಯನ್ನು ಬಿಜೂರಿನಲ್ಲಿ ನಿಲ್ಲಿಸಿ ಅಂತಲ್ಲ. ಎಲ್ಲ ಕಡೆ ನಿಲ್ಲುವ ಲೋಕಲ್ ರೈಲು ಬೆಳಿಗ್ಗೆ ಒಂದು ಮಂಗಳೂರಿನ ಕಡೆಗೆ, ಸಂಜೆ ಒಂದು ವಾಪಸ್ಸು, ಆಫೀಸು-ಕಾಲೇಜು-ಆಸ್ಪತ್ರೆಯ ಹೊತ್ತಿಗೆ ಸರಿಯಾಗಿ. ಅದಕ್ಕೆ ಜಾಗ ಬೇಕು ಅಂದರೆ ಹಳಿ ಜೋಡಿ ಆಗಬೇಕು. 2021ರಲ್ಲಿ ಜೋಡಿ ಹಳಿ ಆದದ್ದು ರೋಹಾ-ವೀರ್ ನಡುವಿನ 46 ಕಿ.ಮೀ. ಮಾತ್ರ. ಅದು ಮಹಾರಾಷ್ಟ್ರದಲ್ಲಿ. ದಾರಿಗೆಲ್ಲ ಕರೆಂಟು ಬಂತು, 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿಗೇ ಬಂದು ಅದನ್ನು ಸಮರ್ಪಿಸಿದರು. ಕರೆಂಟಿನ ಇಂಜಿನ್ನಾದರೂ ಎದುರಿನ ರೈಲಿಗೆ ಕಾಯಲೇಬೇಕಲ್ಲ.

ಈಗ ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಗೆ ಸೇರಿಸುವ ಮಾತು. ಸಾಲದ ಕಂಪನಿಗೆ ಜೋಡಿ ಹಳಿ ಹಾಕುವಷ್ಟು ಶಕ್ತಿ ಇಲ್ಲ ಅನ್ನೋದು ಕಾರಣ. ನನಗೂ ಅದು ಸರಿ ಅನ್ನಿಸುತ್ತೆ. ಮಹಾರಾಷ್ಟ್ರ 2025ರಲ್ಲಿ ಒಪ್ಪಿತು. 'ಕೊಂಕಣ' ಅನ್ನೋ ಹೆಸರು ಉಳಿಯಬೇಕು, ಹಾಕಿದ ದುಡ್ಡು ವಾಪಸ್ಸು ಬೇಕು ಅಂತ ಷರತ್ತು ಹಾಕಿತು. ಕೇಳಿದ್ದು ಜಾಣತನವೇ. ನಮ್ಮವರು ಏನು ಕೇಳಬೇಕು? ಹೆಸರು ಕೊಂಕಣವೋ ಕರಾವಳಿಯೋ ಅಂತ ನಾವೂ ಶುರು ಮಾಡಿದರೆ ಮುಗೀತು. ಆ ಶೇ. 40 ತೆಗೀರಿ, ತೋಕೂರಿನಿಂದ ಕಾರವಾರದ ತನಕ ಎರಡನೇ ಹಳಿಗೆ ವರ್ಷ ಹೇಳಿ, ಆ ಲೋಕಲ್ ಕೊಡಿ. ಇದನ್ನು ಕಾಗದದ ಮೇಲೆ ಬರೆಸಿಕೊಂಡು ಆಮೇಲೆ ಒಂದಾಗಲಿ. ಸೇರಿದ ಮೇಲೆ ಕೇಳಿದರೆ ದೆಹಲಿಯ ಸಾವಿರ ಅರ್ಜಿಗಳಲ್ಲಿ ನಮ್ಮದೂ ಒಂದು. ಎರಡನೇ ಹಳಿಗೆ ಮತ್ತೆ ಗದ್ದೆ ಬೇಕಾದೀತು, ಗೊತ್ತು. ಅಮ್ಮನನ್ನು ಕೇಳಿದೆ.

"ಕೊಡುವ, ಅದಕ್ಕೇನ್. ಈ ಸಲ ನಿಲ್ಲತ್ತಾ ಕೇಂಡ್ಕ" ಅಂದಳು.

ಊರಿಗೆ ಹೋಗೋಕೆ ಮುಂದಿನ ಶುಕ್ರವಾರದ ಟಿಕೆಟ್ ನೋಡಿದೆ. ವೇಟಿಂಗ್ ಲಿಸ್ಟ್ 63. ಕ್ಯಾನ್ಸಲ್ ಮಾಡುವ ಪುಣ್ಯಾತ್ಮರು ಯಾರಾದರೂ ಇದ್ದರೆ ಬೇಗ ಮಾಡಿ ಮಾರಾಯ್ರೇ...