ಹಳಿಗೆ ಮೊದಲು ನೆಲ

ಶಾಲೆಗಳ ವಸ್ತುಪ್ರದರ್ಶನದಲ್ಲಿ ರೈಲುಮಾರ್ಗದ ಮಾದರಿಯನ್ನಿಟ್ಟ ಮೇಜನ್ನು ಮಕ್ಕಳು ಮುತ್ತಿಕೊಳ್ಳುವುದು ಸರ್ವವಿದಿತ. ಆದರೆ ಅಂತಹ ಮಾದರಿಗಳಲ್ಲಿ ಬಹುಪಾಲಿಗೆ ಒಂದೇ ದೋಷ. ಸಮತಟ್ಟಾದ ಹಲಗೆಯ ಮೇಲೆ ಮೊದಲು ಹಳಿಯನ್ನು ಸುತ್ತಿಸಿ, ಅನಂತರ ಕಾಗದದ ಗುಡ್ಡವೊಂದನ್ನು ಅದರ ಮೇಲೆ ಕವುಚುತ್ತಾರೆ. ಸುರಂಗ ಬೇಕೆಂದು ಗುಡ್ಡ, ಸೇತುವೆ ಬೇಕೆಂದು ಹೊಳೆ! ಲೋಕದಲ್ಲಿ ನಡೆದುದು ಇದಕ್ಕೆ ವಿಪರೀತ. ಬೆಟ್ಟ ಮೊದಲೇ ನಿಂತಿತ್ತು, ಹೊಳೆ ಮೊದಲೇ ಹರಿದಿತ್ತು. ರೈಲು ಆಮೇಲೆ ಬಂದು ಅವುಗಳಿಗೆ ಹೊಂದಿಕೊಂಡಿತು. ಆದುದರಿಂದ ಮಾದರಿಯಲ್ಲಿಯೂ ಮೊದಲು ನೆಲ, ಅನಂತರ ಹಳಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ನಾಡಿನ ನಿದರ್ಶನವನ್ನೇ ನೋಡೋಣ. ಹಾಸನ–ಮಂಗಳೂರು ಮಾರ್ಗವು 1979ರಲ್ಲಿ ತೆರೆಯಿತು. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಘಟ್ಟದ ಭಾಗ ಸುಮಾರು 55 ಕಿ.ಮೀ. ಸುರಂಗಗಳು 57, ಇಳಿಜಾರು 50ಕ್ಕೆ 1. ಅವುಗಳಲ್ಲಿ ಯಾವ ಸುರಂಗವನ್ನೂ ಶೋಭೆಗಾಗಿ ಕೊರೆದುದಲ್ಲ. ಗುಡ್ಡ ತಗ್ಗಾಗಿದ್ದರೆ ಅದನ್ನು ಸೀಳಿ ದಾರಿ ಮಾಡುತ್ತಾರೆ. ಸೀಳಲಾಗದಷ್ಟು ಎತ್ತರವಾಗಿದ್ದಲ್ಲಿ ಮಾತ್ರ ಸುರಂಗ. ಬಾಯಿಗಿಂತ ಗೇಣುದ್ದವೂ ಮೇಲೇಳದ ಗುಡ್ಡದಲ್ಲಿ ಸುರಂಗವನ್ನು ತೋರಿಸುವ ಮಾದರಿಯು ಮಕ್ಕಳಿಗೆ ಸುಳ್ಳನ್ನು ಕಲಿಸುತ್ತದೆ.

ಈ ಘಟ್ಟವನ್ನು 87ರಲ್ಲಿ ಒಂದು ಪಾಲೆಂಬ ಪ್ರಚಲಿತ ಅಳತೆಗೆ ಇಳಿಸಿದರೂ ಅದು 630 ಮೀಟರಿಗೂ ಮಿಕ್ಕು ಉದ್ದವಾಗುತ್ತದೆ. ಹತ್ತು ಅಡಿಯ ಮೇಜಿನಲ್ಲಿ 50ಕ್ಕೆ 1ರಂತೆ ಹಳಿ ಏರುವುದು ಎರಡೂವರೆ ಅಂಗುಲಕ್ಕಿಂತ ಕಡಿಮೆ. ಹಾಗಾದರೆ ಘಟ್ಟದ ಗಾಂಭೀರ್ಯವನ್ನು ತೋರುವುದೆಂತು? ಹಳಿಯಿಂದಲ್ಲ, ನೆಲದಿಂದ. ಅಖಂಡ ಹಲಗೆಯನ್ನು ಬಿಟ್ಟು, ಗೂಟಗಳ ಮೇಲೆ ಕಿರಿದಾದ ಪಟ್ಟಿಯನ್ನಿಟ್ಟು ಹಳಿ ಹಾಸಿದರೆ, ಒಂದು ಮಗ್ಗುಲಲ್ಲಿ ಬೆಟ್ಟ ಮೇಲೇಳಬಹುದು, ಮತ್ತೊಂದರಲ್ಲಿ ಕಣಿವೆ ಮೇಜಿನ ಮಟ್ಟಕ್ಕಿಂತಲೂ ಕೆಳಗಿಳಿಯಬಹುದು. ತಂತಿಬಲೆ, ಗೋಣಿತಟ್ಟು, ಗಾರೆ ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ.

ಉಳಿದುದು ಆಯ್ಕೆಯ ಪ್ರಶ್ನೆ. ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಸಾರಿದ ಔಚಿತ್ಯವೇ ಇಲ್ಲಿಯೂ ಪ್ರಮಾಣ. ಐವತ್ತೇಳರಲ್ಲಿ ಎರಡು ಸುರಂಗ, ಒಂದು ಸೇತುವೆ ಸಾಕು. ಮೇಲೆ ಕಾಫಿತೋಟ, ನಡುವೆ ದಟ್ಟವಾದ ಕಾಡು, ಕೆಳಗೆ ಅಡಕೆತೋಟ. ಈ ಕ್ರಮ ತಪ್ಪದಿದ್ದರೆ ನೋಡುವವನ ಕಣ್ಣೇ ಘಟ್ಟವನ್ನಿಳಿಯುತ್ತದೆ.

ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬುವರು, ಅಲ್ಲಿನ ಹುಲ್ಲುಮಾಡಿನ ಹಳ್ಳಿಮನೆಗಳು ಕಣ್ಮರೆಯಾಗುತ್ತಿರುವುದನ್ನು ಕಂಡು, ಅವನ್ನು ಕಿರುರೂಪದಲ್ಲಿ ಉಳಿಸಹೊರಟರು. 1954ರಲ್ಲಿ ಅವರು ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯದಲ್ಲಿ ರೈಲಿನಷ್ಟೇ ಗೌರವ ಊರಿಗೂ ತೋಟಕ್ಕೂ ಸಂದಿದೆ. ನಮ್ಮ ಘಟ್ಟದ ಮೀಟರ್‌ಗೇಜ್ ಹಳಿಯೂ ಇಂದು ನೆನಪಷ್ಟೇ. ಬ್ರಾಡ್‌ಗೇಜ್ ಆಗಿ ಮಾರ್ಪಟ್ಟ ಮೇಲೆ 2007ರಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದವು.

ಮಕ್ಕಳಿಗೆ ಓಡುವ ಗಾಡಿಯೊಂದಿದ್ದರೆ ಸಾಲದೆ, ಗುಡ್ಡದ ಚಿಂತೆಯೇಕೆ ಎನ್ನುವವರುಂಟು. ಗಾಡಿ ಹಣಕ್ಕೆ ದೊರೆಯುತ್ತದೆ. ನೆಲ ದೊರೆಯುವುದು ಅಭ್ಯಾಸಕ್ಕೆ ಮಾತ್ರ. ನಕ್ಷೆಯ ಸಮೋನ್ನತ ರೇಖೆಯನ್ನು ಓದಿ ಬೆಟ್ಟ ಕಟ್ಟಿದ ಬಾಲಕನು ತನ್ನೂರಿನ ಹಳ್ಳ ಹಾಗೇಕೆ ಬಳಸಿ ಹರಿಯುತ್ತದೆಂದು ಕೇಳದಿರಲಾರ. ಆದಕಾರಣ ದಾನಿಗಳು ಶಾಲೆಗೆ ಆಟದ ರೈಲನ್ನು ಕೊಡುವಾಗ ಅದರೊಡನೆ ಒಂದು ಸರ್ವೆ ನಕ್ಷೆಯನ್ನೂ ಕೊಡಲಿ. ಉಪಾಧ್ಯಾಯರು ಆ ನಕ್ಷೆಯನ್ನೇ ಮೊದಲು ಬಿಚ್ಚಲಿ.