ಹೆಪ್ಪಿನಷ್ಟು ಎರೆಹುಳು ಸಾಕು
ಈ ವಾರ ನರ್ಸರಿಯೊಂದರಲ್ಲಿ ಎರೆಗೊಬ್ಬರದ ಮೂರಂತಸ್ತಿನ ಪ್ಲಾಸ್ಟಿಕ್ ಡಬ್ಬಿಯ ಬೆಲೆ ಕೇಳಿ ಹೆಂಗಸೊಬ್ಬರು ಸುಮ್ಮನೆ ಹಿಂದಿರುಗಿದರು. ನನಗೆ ನಿಜಕ್ಕೂ ಬೇಸರವಾಯಿತು. ಎರೆಹುಳು ಕೇಳುವುದು ಕತ್ತಲು, ತೇವ, ಗಾಳಿ, ಅಷ್ಟೇ. ತಳಕ್ಕೂ ಪಕ್ಕಕ್ಕೂ ತೂತು ಕೊರೆದ ಹಳೆಯ ಪೇಂಟ್ ಬಕೆಟ್ಟು, ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಹರಿದ ಪತ್ರಿಕೆ, ಎರಡು ವಾರ ಆರಿದ ಸಗಣಿ ಇದ್ದರೆ ಮನೆ ಸಿದ್ಧ. ಹಸಿ ಸಗಣಿ ಮಾತ್ರ ಬೇಡ, ಕಳಿಯುವಾಗ ಏರುವ ಕಾವಿಗೆ ಹುಳುಗಳು ಸಾಯುತ್ತವೆ. ಇನ್ನು ಹುಳು ಕೊಳ್ಳುವ ಮಾತು: ಮೊಸರಿಗೆ ಪಾತ್ರೆ ತುಂಬ ಹೆಪ್ಪು ಯಾರು ಹಾಕುತ್ತಾರೆ? ಕಾಲು ಕೆಜಿ ತಂದರೆ ಧಾರಾಳ. ನೆಲೆ ಒಗ್ಗಿದರೆ ಐಸೀನಿಯಾ ಫೆಟಿಡಾ ಎಂಬ ಗೊಬ್ಬರದ ಹುಳು ಎರಡು ಮೂರು ತಿಂಗಳಲ್ಲಿ ಇಮ್ಮಡಿಯಾಗುತ್ತದೆ. ಹಳ್ಳಿಯ ನಂಟಿದ್ದವರಿಗೆ ಅದೂ ಖರ್ಚಿಲ್ಲ, ನಮ್ಮ ನಾಡಿನದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಎಂಬ ಹುಳು ಹಳೆಯ ತಿಪ್ಪೆಯ ತೇವದಲ್ಲಿ ಸಿಗುತ್ತದೆ. ತೋಟದ ಮಣ್ಣು ಅಗೆದು ತಂದ ಹುಳುಗಳು ಸಾಮಾನ್ಯವಾಗಿ ತರಕಾರಿ ಸಿಪ್ಪೆಯ ರಾಶಿಗೆ ಒಗ್ಗುವುದಿಲ್ಲ. ಮೊದಲ ವಾರಗಳಲ್ಲಿ ಹಿಡಿ ಸಿಪ್ಪೆಯಷ್ಟೇ ಹಾಕಿ, ಉಪ್ಪು, ಎಣ್ಣೆ, ನಿಂಬೆ ದೂರವಿಡಿ. ಡಬ್ಬಿಯ ಬೆಲೆಗೆ ಹೆದರಬೇಡಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಹುಳುವಿಗಾಗಿ ಒಮ್ಮೆ ವಿಚಾರಿಸಿ.